ಮೂರು ತಪ್ಪಿಗೆ ಮುಚ್ಚುವ ಬಾಗಿಲು

ಅಂಧರ ಗ್ರಂಥಾಲಯದಲ್ಲಿ ಆತನಿಗೆ ತಂತಿ ವೈದ್ಯ ಎಂಬ ಹೆಸರು ಅಂಟಿಕೊಂಡು ಇಪ್ಪತ್ತು ವರ್ಷವಾಗಿತ್ತು. ಕೆಲಸಕ್ಕೆ ಸೇರಿದ್ದು ಫ್ಯಾನು, ದೀಪ ರಿಪೇರಿಗೆ. ಕಂಪ್ಯೂಟರು ಬಂದಾಗ ಯಾವ ಗುರುವಿನ ಕಾಲೂ ಹಿಡಿಯದೆ, ಕೆಡಿಸಿ ಕೆಡಿಸಿಯೇ ಕಲಿತ. ದೂರದ ಊರಿನಲ್ಲಿದ್ದ ಸರ್ವರಿಗೆ ಫೈಲುಗಳು ಹೋಗದೆ ಹಟ ಹಿಡಿದಾಗ ಉಳಿದವರು ಗುಂಡಿ ಒತ್ತಿ ಒತ್ತಿ ಸುಸ್ತಾಗುತ್ತಿದ್ದರು. ಆತ ಮಾತ್ರ ಕೈಕಟ್ಟಿ ನಿಂತು ಪರದೆ ಓದುತ್ತಿದ್ದ.

"ಸಂಪರ್ಕ ನಿರಾಕರಿಸಲಾಗಿದೆ ಅಂದ್ರೆ ಬಾಗಿಲಲ್ಲಿ ಯಾರೋ ನಿಂತು ಬೇಡ ಅಂತಿದಾರೆ. ಸಮಯ ಮೀರಿದೆ ಅಂದ್ರೆ ಓ ಅನ್ನೋಕೂ ಯಾರೂ ಇಲ್ಲ. ಎರಡೂ ಒಂದೇ ಅಲ್ಲ ಕಣ್ರಪ್ಪಾ. ಮೊದಲು ತಂತಿ ನೋಡಿ, ಆಮೇಲೆ ವಿಳಾಸ, ಆಮೇಲೆ ಬಾಗಿಲು, ಕೊನೆಗೆ ಪಾಸ್‌ವರ್ಡು. ಸುಮ್ಮಸುಮ್ಮನೆ ಬಡೀಬೇಡಿ."

ಬಡಿಯುವವರ ಕಾಟಕ್ಕೆ ಒಂದು ಕಟ್ಟಳೆಯನ್ನೂ ಹಾಕಿದ್ದ. ಪಾಸ್‌ವರ್ಡು ಮೂರು ಸಲ ತಪ್ಪಿದರೆ ಆ ಖಾತೆಗೆ ಇಡೀ ದಿನ ಬಾಗಿಲು ಬಂದ್. ಬಿಡಿಸಬೇಕಾದರೆ ಸರ್ವರ್ ಇರುವ ಕೋಣೆಗೇ ಹೋಗಿ ಕೂರಬೇಕು. ಆಗ ಪರದೆಯ ಮೇಲೆ ಬರುವ ಮಾತನ್ನೂ ತಾನೇ ಬರೆದಿದ್ದ: "ಆತುರ ಬೇಡ. ನಾಳೆ ಪ್ರಯತ್ನಿಸಿ."

ಆ ಗ್ರಂಥಾಲಯಕ್ಕೆ ಪುಸ್ತಕ ಓದಿ ಧ್ವನಿಮುದ್ರಿಸುತ್ತಿದ್ದವಳು ಆತನ ಅಕ್ಕ. ಗಂಡನ ಕಣ್ಣು ಹೋದ ಮೇಲೆ ಅವರೊಬ್ಬರಿಗಾಗಿ ಓದಲು ಕೂತವಳು ಕಡೆಗೆ ಊರಿಗೆಲ್ಲ ಓದಿದಳು. ನಡುನಡುವೆ ಅವಳ ಕೆಮ್ಮು, ನಗು, ಕಥೆಯೊಳಗಿನವರಿಗೇ ಬೈಗುಳ. ತಮ್ಮ ಅದನ್ನೆಲ್ಲ ಕಾಳಿನಲ್ಲಿ ಕಲ್ಲು ಆರಿಸಿದಂತೆ ಆರಿಸಿ ತೆಗೆದು, ಚೊಕ್ಕ ಮಾಡಿ ಕೊಡುತ್ತಿದ್ದ. ಅದು ಆತನ ಹೆಮ್ಮೆ.

ಅಕ್ಕ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಚೊಕ್ಕ ಮಾಡಿದ ಪುಸ್ತಕಗಳು ಹೊಸ ಸರ್ವರಿಗೆ ಹೋದವು. ಕತ್ತರಿ ಹಾಕದ ಮೂಲ ಮುದ್ರಣಗಳು ಮಾತ್ರ ಹಳೆಯದರಲ್ಲೇ ಉಳಿದವು.

"ಪುಸ್ತಕ ಯಾರಿಗೆ ಬೇಕಯ್ಯಾ? ಅದರಲ್ಲಿ ಅವಳೆಲ್ಲಿದಾಳೆ?" ಎನ್ನುತ್ತಿದ್ದರು ಭಾವ. "ನೀನು ಕತ್ತರಿಸಿ ಎಸೆದೆಯಲ್ಲ, ಅದು ಕೊಡು."

"ನಾಳೆ ತಂದ್ಕೊಡ್ತೀನಿ ಭಾವ."

ನಿವೃತ್ತನಾದ ಮೇಲೂ ಹಳೆಯ ಸರ್ವರಿನ ಖಾತೆ ಆತನ ಕೈಯಲ್ಲೇ ಇತ್ತು. ಆದರೆ ಅಕ್ಕನ ದನಿ ಕೇಳಲು ಧೈರ್ಯ ಬರಲಿಲ್ಲ. ಹಳೆಯ ಸರ್ವರ್ ಮುಚ್ಚುವ ಗಡುವನ್ನು ಗ್ರಂಥಾಲಯದವರು ಆತನಿಗಾಗಿ ಎರಡು ಸಲ ಮುಂದೂಡಿದರು. ಮೂರನೆಯ ಗಡುವಿನ ದಿನ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನ ಮುಂದೆ ಕೂತ. ನಾಲ್ಕಕ್ಕೆ ಹಳೆಯ ಸರ್ವರ್ ತಾನೇ ತಾನಾಗಿ ಎಲ್ಲವನ್ನೂ ಅಳಿಸಿಹಾಕಲಿತ್ತು. ಭಾವ ಪಕ್ಕದಲ್ಲೇ, ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು.

ಸಮಯ ಮೀರಿದೆ, ಎಂದಿತು ಪರದೆ. ತಂತಿ ನೋಡಿದ, ಸರಿಯಿತ್ತು. ವಿಳಾಸ ಸರಿಯಿತ್ತು. ಬಾಗಿಲಿನ ಸಂಖ್ಯೆಯಲ್ಲಿ ಒಂದಂಕಿ ತಪ್ಪಿತ್ತು, ತಿದ್ದಿದ. ಆಚೆಯಿಂದ ಓ ಎಂದಿತು. ಪಾಸ್‌ವರ್ಡು ಕೊಟ್ಟ. ತಪ್ಪು.

"ಏನಂತಾಳಯ್ಯಾ ನಿಮ್ಮಕ್ಕ? ಒಳಗೆ ಬಿಡಲ್ವಂತಾ?"

"ಇರಿ ಭಾವ, ಒಂದ್ನಿಮಿಷ."

ಗಡಿಯಾರದ ಕಡೆ ನೋಡಿದ, ಮತ್ತೆ ಒತ್ತಿದ. ತಪ್ಪು. ಹತ್ತು ಜನಕ್ಕೆ ಬುದ್ಧಿ ಹೇಳಿದವನ ಬೆರಳು ಮೂರನೆಯ ಸಲ ಒತ್ತಿದ್ದು ಆತನಿಗೇ ತಿಳಿಯಲಿಲ್ಲ.

"ಆತುರ ಬೇಡ. ನಾಳೆ ಪ್ರಯತ್ನಿಸಿ."

ಗ್ರಂಥಾಲಯದಲ್ಲಿ ತನ್ನ ಜಾಗಕ್ಕೆ ಬಂದಿದ್ದ ಹೊಸ ಮೇಡಂಗೆ ಫೋನು ಹಚ್ಚಿದ.

"ಪಾಸ್‌ವರ್ಡು ಹೋದ ತಿಂಗಳೇ ಬದಲಾಯಿಸ್ದೆ ಸರ್. ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅಂತ ನೀವೇ ಬರೆದಿಟ್ಟಿದ್ರಲ್ಲಾ? ನಿಮಗೆ ಕಾಗದ ಹಾಕಿದ್ದೆ."

ಆ ಕಾಗದ ಮೇಜಿನ ಮೇಲೇ ಇತ್ತು. ಬಿಚ್ಚಿರಲಿಲ್ಲ.

"ಇಲ್ಲಿಂದ ಬಾಗಿಲು ಬಿಡಿಸೋಕಾಗಲ್ವಾ ತಾಯಿ?"

"ಇರೋದು ಅದೊಂದೇ ಖಾತೆ ಸರ್. ಅದನ್ನ ಬಿಡಿಸೋಕೂ, ಅಳಿಸೋದನ್ನ ನಿಲ್ಲಿಸೋಕೂ ಆ ಕೋಣೇಲೇ ಕೂರಬೇಕು. ಅಲ್ಲಿ ಕಾವಲುಗಾರ ಬಿಟ್ರೆ ಯಾರೂ ಇಲ್ಲ, ಬೀಗದ ಕೈ ನನ್ನ ಹತ್ರ ಇದೆ. ನಾನು ಈಗ ಹೊರಟ್ರೂ ನಾಲ್ಕು ಗಂಟೆ ದಾರಿ." ಫೋನಿನಲ್ಲಿ ಕೀಲಿಮಣೆ ಒತ್ತಿದ ಸದ್ದು ಕೇಳಿಸಿತು. "ಸಂಪರ್ಕ ಸರಿಯಿದೆಯಾ ನೋಡೋಕೆ ಹೋದ ವಾರ ಒಂದು ಫೈಲು ಇಳಿಸಿಕೊಂಡಿದ್ದೆ. ಅದೊಂದಿದೆ. ಕಳಿಸ್ಲಾ?"

ಮುನ್ನೂರು ಫೈಲುಗಳಲ್ಲಿ ಒಂದು, ಹನ್ನೊಂದು ನಿಮಿಷದ್ದು, ಬಂತು. ಹಾಳೆ ಮಗುಚಿದ ಸದ್ದು. ಅಕ್ಕ ಓದಿದಳು. ಓದುತ್ತಾ ಕಿಸಕ್ಕನೆ ನಕ್ಕಳು.

"ನೋಡೋ, ಈ ಮುದುಕನೂ ನಿಮ್ಮ ಭಾವನ ಥರಾನೇ. ಕೋಲು ಕಂಕುಳಲ್ಲಿಟ್ಕೊಂಡು ಮನೆಯೆಲ್ಲಾ ಹುಡುಕ್ತಾನೆ!"

ಭಾವನ ಮುಖ ಅರಳಿತು. ಅಷ್ಟರಲ್ಲಿ ಇನ್ನೊಂದು ದನಿ: "ಅಕ್ಕಾ, ಮಧ್ಯೆ ಮಾತಾಡ್ಬೇಡ ಕಣೇ. ಎಷ್ಟು ಅಂತ ಕತ್ತರಿಸ್ಲಿ?"

"ಆಯ್ತು ಬಿಡಪ್ಪಾ ದೊರೆ, ಬಾಯಿ ಮುಚ್ಕೊಂಡೆ."

ಮುಂದಿನ ಒಂಬತ್ತು ನಿಮಿಷವೂ ಅವಳು ಪುಸ್ತಕ ಬಿಟ್ಟು ಒಂದು ಮಾತೂ ಆಡಲಿಲ್ಲ. ಭಾವ ಕಿವಿಗೊಟ್ಟು ಕಾದರು. ಕೆಮ್ಮು ಕೂಡ ಬರಲಿಲ್ಲ. ಗೋಡೆಯ ಗಡಿಯಾರ ನಾಲ್ಕು ದಾಟಿತು.

"ಮೊದಲಿಂದ ಹಾಕು," ಎಂದರು.

ಆತ ಹಾಕಿದ. ಅಕ್ಕ ನಕ್ಕಳು, ಗಂಡನನ್ನು ಆಡಿಕೊಂಡಳು. ತನ್ನ ದನಿ ಬರುವ ಮೊದಲೇ ಆತ ಪಟ್ಟನೆ ನಿಲ್ಲಿಸಿದ.

ಭಾವ ತಡಕಾಡಿ ಆತನ ಮಣಿಕಟ್ಟು ಹಿಡಿದುಕೊಂಡರು.

"ಕತ್ತರಿಸ್ಬೇಡ ಕಣಯ್ಯಾ. ಇದೊಂದಾದ್ರೂ ಪೂರ್ತಿ ಇರ್ಲಿ."