ಬಸವಣ್ಣನ ಹೊಂಡದ ಉಪ್ಪು

ಬಸವಣ್ಣನ ಹೆಸರು ಹೇಳಿ ತುತ್ತು ಎತ್ತುವ ಅಕ್ಕ-ತಂಗಿಯರಿಗೆಲ್ಲ ನನ್ನ ಶರಣಾರ್ಥಿ. ನನಗೆ ಬರೆಯುವ ರೂಢಿ ಇಲ್ಲ, ಮಾತಾಡುವ ರೂಢಿ ಮಾತ್ರ ಬಹಳ. ಮಗಳು ನೀಲಮ್ಮ ಮೊನ್ನೆ, "ಹೇಳಿದ್ದೇ ಎಷ್ಟ ಸರ್ತಿ ಹೇಳ್ತಿಯವ್ವಾ, ಒಮ್ಮಿ ಬರದ ಕೊಟ್ಟಬಿಡು" ಎಂದಳು. ಇದು ಅವಳು ಬದುಕಿ ಉಳಿದ ಕಥೆ, ಅವಳಿಗೇ ಬೇಸರ ನೋಡಿರಿ!

ಪೊಲೀಸ್ ಆಕ್ಷನ್ ಆದ ವರ್ಷ, ಅದಕ್ಕೂ ಮುಂಚಿನ ಬೇಸಿಗೆಯ ಕೊನೆ. ನನ್ನ ತವರು ಔರಾದ ಕಡೆಯ ಎಕಂಬಾ, ಕೊಟ್ಟ ಊರು ಭಾಲ್ಕಿ ಹತ್ತಿರದ ಭಾತಂಬ್ರಾ. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ ಮತ್ತು ಆಗಿನ್ನೂ ಸಾಲಿಗೆ ಹೋಗದ ನೀಲಮ್ಮ. ಹೈದರಾಬಾದ್ ಸಂಸ್ಥಾನದ ಗಡಿಯೆಲ್ಲ ಬಂದ್ ಆಗಿ ಹೊರಗಿನ ಸರಕು ನಿಂತುಹೋಗಿತ್ತು. ಜೋಳ, ತೊಗರಿ ನಮ್ಮ ಹೊಲದವೇ ಇದ್ದವು. ಉಪ್ಪನ್ನು ಯಾವ ಹೊಲದಲ್ಲಿ ಬಿತ್ತಬೇಕು ಹೇಳಿರಿ? ಆ ವರ್ಷ ಮಾವಿನಕಾಯಿ ಗಿಡದ ಬುಡದಲ್ಲೇ ಕೊಳೆತವು, ಉಪ್ಪಿನಕಾಯಿ ಹಾಕಿದ ಮನೆ ಒಂದೂ ಇಲ್ಲ. ಸಪ್ಪನ್ನ ಬೇಳೆಯಲ್ಲಿ ರೊಟ್ಟಿ ಅದ್ದಿ ನುಂಗುತ್ತಿದ್ದೆವು.

ಅದರ ಮೇಲೆ ಕಾಲರಾ ಬಂತು. ಗಾಯದ ಮೇಲೆ ಬರೆ ಎಳೆದ ಹಾಗೆ. ಮಳೆ ಹಿಂದೆ ಬಿದ್ದು ಬಾವಿಗಳು ತಳ ಕಂಡಿದ್ದವು, ಆ ಕೆಸರು ನೀರನ್ನೇ ಊರೆಲ್ಲ ಕುಡಿಯುತ್ತಿತ್ತು. ಒಂದೊಂದೇ ಓಣಿಯಲ್ಲಿ ವಾಂತಿ-ಭೇದಿ ಶುರುವಾಯಿತು. ಯಾರ ಮನೆಗೂ ಯಾರೂ ಹೋಗುವಂತಿಲ್ಲ.

ನಮ್ಮ ಕಡೆ ಒಂದು ರೂಢಿ ಉಂಟು. ಬ್ಯಾನಿ ಬಂದಾಗ ಉಪ್ಪನ್ನು ಮನೆಮಂದಿಯ ತಲೆಗೆ ನಿವಾಳಿಸಿ ಬಸವಣ್ಣನ ಗುಡಿಯ ಹೊಂಡಕ್ಕೆ ಹಾಕುವುದು. ಉಪ್ಪು ಕರಗಿದ ಹಾಗೆ ಬ್ಯಾನಿ ಕರಗಲಿ ಎಂದು. ಹೊಂಡ ಒಣಗಿ ಬಿರಿದಿತ್ತು. ಆದರೂ ಪೂಜಾರಿ, "ಹಾಕ್ರಿ, ಮಳಿ ಬಂದು ಕರಗಸ್ತದ" ಎಂದರು. ಹೆಂಗಸರೆಲ್ಲ ಅಡಗಿಸಿಟ್ಟಿದ್ದ ಕಡೆಯ ಹಿಡಿ ಉಪ್ಪನ್ನು ಒಯ್ದು ಹೊಂಡದ ಕೆಳಗಿನ ಮೆಟ್ಟಿಲ ಮೇಲೆ ಸುರಿದರು. ನಮ್ಮ ಅತ್ತೆಯೂ ಗಡಿಗೆ ಕೊಡವಿ ತೆಗೆದುಕೊಂಡು ಹೊರಟರು. "ಒಂದ್ ಚಿಟಿಕೆರೆ ಇಡ್ರೀ ಅತ್ತಿ" ಎಂದೆ. "ದೇವರಿಗೆ ಕೊಡೂದ್ರಾಗ ಚೌಕಾಶಿ ಮಾಡಬ್ಯಾಡ" ಎಂದು ನನ್ನ ಬಾಯಿ ಮುಚ್ಚಿಸಿದರು. ಅಂದಿನಿಂದ ಊರಿಗೆ ಊರೇ ಒಂದೇ ಪ್ರಾರ್ಥನೆ: ಮಳೆ ಬರಲಿ, ಉಪ್ಪು ಕರಗಲಿ. ನಾನೂ ಲಿಂಗಪೂಜೆಗೆ ಕೂತಾಗ ಅದನ್ನೇ ಬೇಡುತ್ತಿದ್ದೆ.

ಮಳೆ ಬರಲಿಲ್ಲ. ಒಂದು ಮುಂಜಾನೆ ನೀಲಮ್ಮ ವಾಂತಿ ಮಾಡಿಕೊಂಡಳು.

ಹೊತ್ತು ಏರುವಷ್ಟರಲ್ಲಿ ಕೂಸಿನ ಕಣ್ಣು ಗುಳಿ ಬಿದ್ದವು. ಮನೆಯವರು ಬಂಡಿ ಕಟ್ಟಿದರು, ಭಾಲ್ಕಿ ದವಾಖಾನೆಗೆ ಓಡಿದೆವು. ಅಲ್ಲಿ ಅಂಗಳದ ತುಂಬ ಮಂದಿ ಮಲಗಿದ್ದರು. ಕಂಪೌಂಡರ್ ಸಾಹೇಬರು ಪಾಪ, ಕಣ್ಣು ಕೆಂಪಾಗಿ ನಿಂತಲ್ಲೇ ತೂಗಾಡುತ್ತಿದ್ದರು. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ ಹೇಳಿದರು:

"ದವಾ ಖತಂ ಆಗ್ಯಾದರೀ ಅವ್ವಾ, ಸುಳ್ಳ ಯಾಕ ಹೇಳ್ಲಿ. ನೀರು ಕುದಿಸಿ, ತೆಳ್ಳಗ ಗಂಜಿ ಮಾಡಿ, ಉಪ್ಪು ಬೆಲ್ಲ ಹಾಕಿ ಗುಟುಕು ಗುಟುಕು ಕುಡಸ್ರಿ. ವಾಂತಿ ಮಾಡಿದ್ರೂ ಬಿಡಬ್ಯಾಡ್ರಿ. ಉಪ್ಪು ಮಾತ್ರ ಬೇಕೇ ಬೇಕು. ಮೈಯಾನ ಉಪ್ಪೆಲ್ಲ ಹರದು ಹೋಗ್ಯಾದ."

"ಉಪ್ಪು ಎಲ್ಲದರೀ ಸಾಹೇಬ್ರ?" ಎಂದೆ.

ಅವರು ತಲೆ ತಗ್ಗಿಸಿದರು. "ನಮ್ಮ ಮನ್ಯಾಗೂ ಸಪ್ಪನ್ನ ಅಡಿಗೀನೇ ಅದ."

ಬಜಾರಿಗೆ ಓಡಿದೆವು. ಅರ್ಧ ದುಕಾನು ಮುಚ್ಚಿದ್ದವು. ತೆರೆದಿದ್ದ ಒಂದು ಕಿರಾಣಿ ದುಕಾನಿನ ಮುಂದೆ ಹಲಗೆ ಅಡ್ಡ ಇಟ್ಟು, ಸುಣ್ಣದ ನೀರಿನ ಬಟ್ಟಲಿನಲ್ಲಿ ರೊಕ್ಕ ಹಾಕಿಸಿಕೊಳ್ಳುತ್ತಿದ್ದರು. ಸರಕನ್ನು ಕೈಗೆ ಕೊಡುವಂತಿಲ್ಲ, ಹಲಗೆಯ ಮೇಲಿಟ್ಟು ಹಿಂದೆ ಸರಿಯುವುದು. ನಾನು ಉಪ್ಪು ಎಂದೊಡನೆ ಶೇಟಜಿ ಎರಡೂ ಕೈ ಎತ್ತಿದರು. "ಅದೊಂದ್ ಬಿಟ್ಟು ಬ್ಯಾರೆ ಕೇಳವ್ವ. ಬೀದರದಾಗೂ ಇಲ್ಲ, ನಿನ್ನೆನೇ ಮನಷ್ಯಾನ್ನ ಕಳಿಸಿ ನೋಡೀನಿ." ಬಂಡಿಯಲ್ಲಿದ್ದ ಕೂಸನ್ನು ಕಂಡು ಒಂದು ಹೆಂಟೆ ಬೆಲ್ಲ ಹಲಗೆಯ ಮೇಲಿಟ್ಟರು, ರೊಕ್ಕ ಮುಟ್ಟಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಆಮೇಲೆ ಮನೆ ಮನೆ ಬಾಗಿಲು ಬಡಿದೆ. ಬಂಡಿ ನೋಡಿದವರು ಒಳಗಿನಿಂದ ಅಗಳಿ ಹಾಕಿಕೊಂಡರು. ಅವರದೇನು ತಪ್ಪು, ಅವರಿಗೂ ಮಕ್ಕಳಿದ್ದವು.

ಊರಿಗೆ ತಿರುಗಿ ಬರುವಾಗ ನೀಲಮ್ಮ ಕೂಗಿದರೂ ಓಗೊಡುತ್ತಿರಲಿಲ್ಲ. ಮನೆಯವರು ಎತ್ತು ಹೊಡೆಯುತ್ತಲೇ ಅಳುತ್ತಿದ್ದರು, ಆ ಮನುಷ್ಯ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಮನೆ ಮುಟ್ಟಿದೊಡನೆ ಕೂಸನ್ನು ಅವರ ತೊಡೆಯ ಮೇಲಿಟ್ಟು ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಗಂಜಿ ಕಾಸುತ್ತಿದ್ದರು. ನನ್ನ ನಾಲಿಗೆಗೆ ಲಗಾಮು ಉಳಿಯಲಿಲ್ಲ.

"ಸಪ್ಪನ ಗಂಜಿ ಯಾರಿಗೆ ಕಾಸ್ಲತ್ತೀರಿ? ಉಪ್ಪು ಬೇಕಂತ ಉಪ್ಪು! ಕಲ್ಲ ಬಸವಣ್ಣಗ ಉಣಿಸಿ ಬಂದ್ರಿ, ಈಗ ನನ್ನ ಕೂಸಿಗೇನ ಕೊಡ್ತೀರಿ? ಅವಂಗ ಉಪ್ಪ ಕೊಟ್ಟದ್ದಲ್ಲದ ಮಗಳ್ನೂ ಕೊಡ್ಲೇನು?"

ಅತ್ತೆ ಮಾತು ಅನ್ನಿಸಿಕೊಳ್ಳುವ ಹೆಂಗಸಲ್ಲ. ಆದರೆ ಅಂದು ಗೋಡೆಗೆ ತೂಗಿದ್ದ ಕಾಳು ಕೇರುವ ಮರ ಇಳಿಸಿಕೊಂಡು ಸೆರಗು ಬಿಗಿದು ಹೊರಬಿದ್ದರು. ಏನು ಮಾಡುತ್ತಾರೋ ಎಂದು ನಾನೂ ಹಿಂದೆ ಓಡಿದೆ. ಅವರು ನೆಟ್ಟಗೆ ಗುಡಿಯ ಹೊಂಡಕ್ಕೆ ಇಳಿದರು.

ಕೆಳಗಿನ ಮೆಟ್ಟಿಲ ಮೇಲೆ ಊರಿನ ಉಪ್ಪೆಲ್ಲ ಧೂಳು ಹಿಡಿದು ಗುಡ್ಡೆಯಾಗಿ ಬಿದ್ದಿತ್ತು. ಎಲ್ಲರೂ ದಿನಾ ಅದನ್ನು ನೋಡುತ್ತಲೇ ಇದ್ದೆವು. ಮುಟ್ಟುವ ವಿಚಾರ ಯಾರಿಗೂ ಬಂದಿರಲಿಲ್ಲ. ನಿವಾಳಿಸಿದ ಉಪ್ಪು ಮುಟ್ಟಿದವರಿಗೆ ಅಷ್ಟೂ ಮನೆಗಳ ಬ್ಯಾನಿ ಅಂಟುತ್ತದೆ ಎಂಬ ಭಯ.

ಪೂಜಾರಿ ಅತ್ತೆಯನ್ನು ಕಂಡು ಮೇಲಿನಿಂದ ಚೀರಿದರು. "ಗೌರವ್ವಾ! ಏನ ಮಾಡ್ಲತ್ತಿ? ಊರಿನ ಬ್ಯಾನಿ ಅದ ಅದ್ರಾಗ!"

"ಬಸವಣ್ಣನ ಮುಂದ ಇಟ್ಟ ಮ್ಯಾಲ ಅದು ಪ್ರಸಾದ ಆತಲ್ರೀ ಅಯ್ಯನವ್ರ. ಪ್ರಸಾದದಿಂದ ಬ್ಯಾನಿ ಬಂದದ್ದು ಎಲ್ಲೆರೆ ಕೇಳೀರೇನು? ಬಂದ್ರ ನನಗ ಬರ್ಲಿ, ನಾ ಮುದುಕಿ" ಎಂದು ಅತ್ತೆ ಮೊಣಕಾಲೂರಿ ಕುಳಿತರು.

ಆಗಲೇ ತಣ್ಣನೆ ಗಾಳಿ ಬೀಸಿತು. ತಲೆ ಎತ್ತಿದರೆ ಪಡುವಣ ದಿಕ್ಕು ಕರ್ರಗಾಗಿತ್ತು. ಊರೆಲ್ಲ ಬೇಡಿದ ಮಳೆ ಕಡೆಗೂ ಹೊರಟು ಬಂದಿತ್ತು! ಒಂದು ಅಡ್ಡಮಳೆ ಹೊಡೆದರೂ ಸಾಕು, ಅಷ್ಟೂ ಉಪ್ಪು ಮಣ್ಣುಪಾಲು. ಓಣಿಯಲ್ಲಿ ಮಂದಿ "ಬಂತು, ಬಂತು" ಎಂದು ಕೈ ಮುಗಿಯುತ್ತಿದ್ದರೆ ನಾನೊಬ್ಬಳು ಕೊರಳ ಲಿಂಗ ಹಿಡಿದು ಒದರಿದೆ: "ತಡಿಯೋ ಎಪ್ಪಾ! ದಿನಾ ಬಾ ಅಂದಾಕಿ ನಾನೇ, ಇವತ್ತ ಬ್ಯಾಡ ಅನ್ನಾಕೀನೂ ನಾನೇ. ನನ್ನ ಸೊಕ್ಕಿನ ಮಾತ ಹೊಟ್ಟ್ಯಾಗ ಹಾಕ್ಕೊ. ಮರ ತುಂಬೂತನಾ ತಡಿ!"

ನಂಬಿರಿ, ಬಿಡಿರಿ. ಗುಡುಗಿತು, ಮಿಂಚಿತು, ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಇಬ್ಬರೂ ಕೈಯಲ್ಲಿ ಬಾಚಿದೆವು, ಉಗುರು ಕಿತ್ತು ರಕ್ತ ಬಂದರೂ ತಿಳಿಯಲಿಲ್ಲ. ಮರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾವು ನಮ್ಮ ಹೊಸ್ತಿಲು ದಾಟಿದೆವು, ಹಿಂದೆಯೇ ಮಳೆ ಧೋ ಎಂದು ಸುರಿಯಿತು.

ಉಪ್ಪನ್ನು ನೀರಲ್ಲಿ ಕರಗಿಸಿ, ಮಡಿ ಅರಿವೆಯಲ್ಲಿ ಸೋಸಿ, ಕುದಿಸಿ ಗಂಜಿಗೆ ಹಾಕಿದೆವು. ಅತ್ತೆ ಮೊದಲ ಗುಟುಕು ತಾವು ಕುಡಿದರು. ಆಮೇಲೆ ಕೂಸಿನ ಬಾಯಿಗೆ ಹಾಕುತ್ತಾ ಹೋದರು. ಹೊರಗೆ ಹಾಕಿದಳು, ಮತ್ತೆ ಕುಡಿಸಿದರು. ದೀಪ ಹಚ್ಚುವ ಹೊತ್ತಿಗೆ ನೀಲಮ್ಮ ಅಜ್ಜಿಯ ತೊಡೆ ತೋಯಿಸಿದಳು. ಉಚ್ಚೆ ಹೊಯ್ದದ್ದಕ್ಕೆ ಒಂದು ಮನೆ ಅಷ್ಟು ಸಂತೋಷ ಪಟ್ಟದ್ದು ಲೋಕದಲ್ಲಿ ಇನ್ನೆಲ್ಲಿಯೂ ಇರಲಿಕ್ಕಿಲ್ಲ! ಕಣ್ಣು ಬಿಟ್ಟು ಅಜ್ಜಿಯ ಮುಖ ನೋಡಿ, "ಆಯಿ, ಇನ್ನಟ" ಎಂದು ಮತ್ತೆ ಗಂಜಿ ಕೇಳಿದಳು.

ಸುದ್ದಿ ತಿಳಿದು ಮರುದಿನ ಬ್ಯಾನಿ ಇದ್ದ ಮನೆಯವರೆಲ್ಲ ನಮ್ಮ ಕಟ್ಟೆಗೆ ಬಂದರು. ಪೂಜಾರಿಯೂ ಬಂದರು, ಅವರ ಮೊಮ್ಮಗನಿಗೂ ಶುರುವಾಗಿತ್ತು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಲ್ಲ, ಅತ್ತೆ ಎಲೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಎಲ್ಲರೂ ಉಳಿಯಲಿಲ್ಲ, ಅದನ್ನು ಮುಚ್ಚಿಟ್ಟು ಬರೆದರೆ ದೇವರು ಮೆಚ್ಚುವುದಿಲ್ಲ. ಉಳಿದವರೂ ಬಹಳ ಮಂದಿ. ಅತ್ತೆಗೆ ಯಾವ ಬ್ಯಾನಿಯೂ ಅಂಟಲಿಲ್ಲ. ಮುಂದೆ ಎಷ್ಟೋ ವರ್ಷ ಬಾಳಿ ನನ್ನ ಅಡಿಗೆಯಲ್ಲಿ ಕುಂದು ಹುಡುಕುತ್ತಲೇ ಲಿಂಗೈಕ್ಯರಾದರು.

ಆ ಬೇಸಿಗೆಯಲ್ಲಿ ಮಳೆ ಕೊಡದ ದೇವರನ್ನು ನಾನು ಎಷ್ಟು ಬೈದಿದ್ದೆ! ನಾವು ಬೇಡಿದಾಗಲೇ ಕೊಟ್ಟಿದ್ದರೆ ನನ್ನ ಕೂಸಿನ ಜೀವ ಹೊಂಡದಲ್ಲಿ ಕರಗಿ ಹೋಗುತ್ತಿತ್ತು. ಕೊಡದೆ ಕಾಯ್ದ ನನ್ನಪ್ಪ. ಬೇಡಿದ್ದು ಸಿಗದೆ ಕೂತಿರುವ ತಾಯಂದಿರೇ, ಇದನ್ನು ನಿಮಗಾಗಿಯೇ ಬರೆದೆ.

ಈಗ ನಾವು ಬೀದರದಲ್ಲಿದ್ದೇವೆ. ಬಜಾರಿನಲ್ಲಿ ಉಪ್ಪಿನ ಚೀಲಗಳು ದುಕಾನಿನ ಹೊರಗೇ ಬಿದ್ದಿರುತ್ತವೆ, ಕಾಯುವವರೂ ಇಲ್ಲ, ಕದಿಯುವವರೂ ಇಲ್ಲ. ನಾನು ಹಾದು ಹೋಗುವಾಗ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ನೀಲಮ್ಮ ಕೈ ಜಗ್ಗುತ್ತಾಳೆ, "ಏಳವ್ವಾ, ಮಂದಿ ನೋಡ್ಲತಾರ."

"ನೋಡ್ಲಿ ಬಿಡವ್ವ" ಎನ್ನುತ್ತೇನೆ, "ನನಗ ಜಗ್ಗಾಕ ನೀ ಇದ್ದಿಯಲ್ಲ."