ಅದು ಕೂರೋ ಮಣೆ ಅಲ್ಲ

ಮೊನ್ನೆ ಮನೆ ಓನರ್ ಆಂಟಿ ಸಜ್ಜೆಯಿಂದ ಒಂದು ಮೂಟೆ ಇಳಿಸಿಕೊಟ್ಟರು. ಬಿಚ್ಚಿದರೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು, ಪಾಚಿಯ ಮುಗ್ಗಲು ವಾಸನೆ. ಆ ವಾಸನೆಯ ಹಿಂದೆಯೇ ಓನರ್ ಅಂಕಲ್ ನೆನಪಾದರು...

ಬಾಗಲಕೋಟೆ ಕಡೆಯಿಂದ ಬಂದ ನಾನು ಗೊಟ್ಟಿಗೆರೆಯಲ್ಲಿ ಅವರ ಮಹಡಿ ಮನೆಗೆ ಬಾಡಿಗೆಗೆ ಸೇರಿದ್ದೆ. ಅವರ ಹೊಲಗಳೆಲ್ಲ ಸೈಟುಗಳಾಗಿದ್ದವು, ತೆಪ್ಪವೊಂದು ಉಳಿದಿತ್ತು. ಭಾನುವಾರ ಬೆಳಿಗ್ಗೆ ನಮ್ಮಂಥ ಒಂದಿಬ್ಬರನ್ನು ಕೂರಿಸಿಕೊಂಡು ಅಲ್ಲಿನ ಕೆರೆಯ ಕಳೆ ಕೀಳಲು ಹೋಗುತ್ತಿದ್ದರು.

ಮೊದಲ ದಿನ ತೆಪ್ಪದ ತಳ ಒದ್ದೆಯಾಗಿತ್ತು. ಚೂಡಿದಾರ್ ಹಾಳಾಗದಿರಲೆಂದು ಜಾಕೆಟ್ ಮಡಚಿ ಅದರ ಮೇಲೆ ಕುಳಿತೆ. ಅಂಕಲ್ ಹುಟ್ಟು ಕೆಳಗಿಟ್ಟರು.

"ಅದು ಕೂರೋ ಮಣೆ ಅಲ್ಲ ಕಣಮ್ಮ. ಹಾಕ್ಕೊ."

"ನನಗ ಈಜಾಕ ಬರ್ತೈತ್ರೀ ಅಂಕಲ್. ಹೊಳ್ಯಾಗ ಕಲ್ತೀನಿ."

"ನನ್ ತಮ್ಮಂಗೂ ಬರ್ತಿತ್ತು."

ಅಷ್ಟೇ ಅಂದರು. ಕಳೆಯ ಬೇರು ಕಾಲಿಗೆ ಸುತ್ತಿಕೊಂಡು ಅದೇ ಕೆರೆಯಲ್ಲಿ ಆ ತಮ್ಮ ಮುಳುಗಿದ್ದನೆಂದು ಆಮೇಲೆ ಆಂಟಿ ಹೇಳಿದರು. ಆ ದಿನ ಅವರ ಮುಖ ನೋಡಿಯೇ ನಾನು ಜಾಕೆಟ್ ತೊಟ್ಟೆ. ಅಂಕಲ್ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದರು. ಜಾಕೆಟ್ ಗಲ್ಲಕ್ಕೆ ಬಂತು. "ಸಡಿಲ ಆಯ್ತು, ಇನ್ನೊಂದ್ಸಲ ಕಟ್ಟು." ಆಮೇಲೆ ಪ್ರತಿ ವಾರವೂ ದಡದಲ್ಲೇ ಇದೇ ಪರೀಕ್ಷೆ. ಶಾಲೆಗೆ ಹೊರಟ ಮಗುವಿನ ಹಾಗೆ ನಿಲ್ಲಬೇಕಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ಕಳೆಯ ದೊಡ್ಡ ರಾಶಿ ಕಂಡು ಹುಮ್ಮಸ್ಸಿನಲ್ಲಿ ಎದ್ದು ನಿಂತೆ. ತೆಪ್ಪದಲ್ಲಿ ನಿಲ್ಲಬಾರದೆಂದು ಅವರು ನೂರು ಸಲ ಹೇಳಿದ್ದರು. ತೆಪ್ಪ ವಾಲಿತು, ನಾನು ನೀರಿಗೆ ಬಿದ್ದೆ. ಕಾಲಿಗೆ ಬೇರುಗಳು ತೊಡರಿದವು. ಹೊಳೆಯಲ್ಲಿ ಕಲಿತ ಈಜು ಒಂದಿಷ್ಟೂ ನೆನಪಾಗಲಿಲ್ಲ. ಸತ್ತೆ ಅಂದುಕೊಂಡೆ... ಆದರೆ ಜಾಕೆಟ್ ನನ್ನ ತಲೆಯನ್ನು ನೀರಿನ ಮೇಲೆಯೇ ಹಿಡಿದಿತ್ತು.

"ಕಾಲು ಒದೀಬೇಡ! ಸುಮ್ನೆ ತೇಲು. ಹುಟ್ಟು ಹಿಡ್ಕೊ!"

ಹುಟ್ಟು ಚಾಚಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು, ಮೇಲೆ ಹತ್ತಿಸಲಿಲ್ಲ. ಹತ್ತಿದ್ದರೆ ಎಲ್ಲರೂ ಮಗುಚುತ್ತಿದ್ದೆವು. ನಾನು ಅಂಚು ಹಿಡಿದು ತೇಲುತ್ತಿದ್ದಂತೆಯೇ ಮೆಲ್ಲಗೆ ದಡ ಸೇರಿಸಿದರು. ಈಗ ಬೈಯುತ್ತಾರೆಂದು ಕಾದೆ. ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅದು ನನಗಾಗಿಯೋ ತಮ್ಮನಿಗಾಗಿಯೋ, ನಾನು ಕೇಳಲಿಲ್ಲ.

ಹೋದ ವರ್ಷ ಅಂಕಲ್ ಎದೆನೋವಿನಿಂದ ತೀರಿಕೊಂಡರು. ಈಗ ತೆಪ್ಪಕ್ಕೆ ಹುಟ್ಟು ಹಾಕುವವಳು ನಾನು. ಮೊನ್ನೆ ಬಂದ ಹೊಸಬರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಭುಜದ ಪಟ್ಟಿ ಜಗ್ಗಿ ನೋಡಿದೆ. ಒಬ್ಬಳು ಮುಖ ಸಿಂಡರಿಸಿದಳು, ನನಗೆ ಖುಷಿಯೇ ಆಯಿತು. ಕೊನೆಗೆ ನನ್ನ ಜಾಕೆಟ್ ಕಟ್ಟಿಕೊಂಡು, ಅಭ್ಯಾಸಬಲದಿಂದ ಒಂದು ಗಳಿಗೆ ಹಾಗೇ ನಿಂತೆ... ಜಗ್ಗಿ ನೋಡುವವರು ಯಾರೂ ಇರಲಿಲ್ಲ.