ಡೇರಿ ಮುಂದೆ ನಿಂತ ಕುದುರೆ

ಸದಲಗಾ ಕಡೆಯ ನಮ್ಮೂರಿನಲ್ಲಿ ಕುದುರೆ ಗಾಡಿ ಓಟದ ಶರ್ಯತ್ತಿಗೆಂದು ಬೇರೆ ಮೈದಾನವಿಲ್ಲ, ಊರ ದಾರಿಯೇ ಮೈದಾನ. ಕಬ್ಬು ಕಡಿದ ಹೊಲದ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಅಲ್ಲಿಂದ ಕಾಲುವೆಯ ಪಕ್ಕ ನೇರ ಮಣ್ಣಿನ ದಾರಿ, ಆಮೇಲೆ ಏರು. ಏರಿನ ತುದಿಯ ಜಾಲಿಗಿಡಕ್ಕೆ ನಿಶಾನಿ ಕಟ್ಟಿರುತ್ತದೆ. ಅದನ್ನು ಸುತ್ತಿ, ಡೇರಿಯ ಮುಂದಿನ ಓಣಿ ಹಿಡಿದು ಮತ್ತೆ ಗೆರೆಗೆ ಬರಬೇಕು. ಓಣಿಯಲ್ಲಿ ಎರಡು ಗಾಡಿ ಜೊತೆಗೆ ಹಿಡಿಸುವುದಿಲ್ಲ. ಮೊದಲು ಹೊಕ್ಕವನದೇ ಗೆಲುವು ಎಂಬುದು ಊರ ಮಾತು. ಆ ಸುಣ್ಣದ ಗೆರೆ ಕಂಡರೆ ನನಗೆ ಇಂದಿಗೂ ಎದೆ ಡವಡವ ಅನ್ನುತ್ತದೆ.

ಹೋದ ವರ್ಷ ಅಪ್ಪನೂ ನಮ್ಮ ಹೆಣ್ಣುಗುದುರೆಯನ್ನು ಇಳಿಸಿದ. ದಿನಾ ಡೇರಿಗೆ ಹಾಲಿನ ಕ್ಯಾನು ಎಳೆಯುವ ಕುದುರೆ ಅದು. ಅದನ್ನು ಮಾರಿ ಟೆಂಪೊ ತರಬೇಕೆಂದು ಅವ್ವನ ಹಟ. ಗೆದ್ದರೆ ಕುದುರೆ ಇರಲಿ, ಸೋತರೆ ಮಾರುವುದು ಎಂದು ಇಬ್ಬರೂ ಒಪ್ಪಿದರು. ದಾರಿ ಬಾಯಿಪಾಠವಾಗಲಿ ಎಂದು ಅಪ್ಪ ದಿನಾ ಬೆಳಿಗ್ಗೆ ಹಾಲಿನ ಗಾಡಿಯನ್ನು ಅದೇ ಸುತ್ತಿನಲ್ಲಿ ಓಡಿಸಿ ಡೇರಿಗೆ ತಂದ. ಅತಿ ಜಾಣತನ ಎಂದರೆ ಇದೇ.

ಶರ್ಯತ್ತಿನ ದಿನ ನಾನೂ ಅವ್ವನೂ ಡೇರಿ ಕಟ್ಟೆಯ ಮೇಲಿದ್ದೆವು. ಧೂಳು, ಸೀಟಿ, ಹಿಂದೆ ಬೈಕುಗಳ ಹಾರ್ನು! ಧೂಳಿನೊಳಗಿಂದ ಮೊದಲು ಓಣಿ ಹೊಕ್ಕಿದ್ದು ನಮ್ಮ ಕುದುರೆಯೇ. ಖುಷಿಗೆ ನಾನು ಕುಣಿದೇಬಿಟ್ಟೆ.

ಕುದುರೆ ಡೇರಿ ಮುಂದೆ ಬಂದು ಗಕ್ಕನೆ ನಿಂತಿತು.

ಅಪ್ಪ ಕೂಗಿದ, ಬೈದ, ಕೈಮುಗಿದ. ಅದು ಹೆಜ್ಜೆ ಕೀಳಲಿಲ್ಲ. ಹಿಂದೆ ಬಂದ ಗಾಡಿಗಳೆಲ್ಲ ಓಣಿಯಲ್ಲಿ ಸಿಕ್ಕಿಬಿದ್ದವು. ನಮ್ಮ ಗಾಡಿಯನ್ನು ಎತ್ತಿ ಡೇರಿಯ ಅಂಗಳಕ್ಕೆ ಸರಿಸಲು ಅವುಗಳಲ್ಲಿದ್ದ ಗಂಡಸರು ಕೆಳಗಿಳಿದರು. ದಿನಾ ಡೇರಿಗೆ ಬಂದು ಕ್ಯಾನು ಇಳಿಸುವವಳು ಅವ್ವ; ಇಳಿಸಿದ ಮೇಲೆ ಅವಳೇ ಕುತ್ತಿಗೆ ತಟ್ಟಿ ಹೇಳದ ಹೊರತು ಅದು ಹೊರಡುವುದಿಲ್ಲ. ಈಗಲೂ ಅವ್ವನನ್ನೇ ನೋಡುತ್ತ ನಿಂತಿತ್ತು. ಅವ್ವ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಟೆಂಪೊ ಮನೆಗೆ ಬಂದಂತೆಯೇ. ಅಪ್ಪನ ಮುಖ ನೋಡಲಾಗದೆ ನನಗೆ ಅಳುವೇ ಬಂತು.

ಅವ್ವ ಸೆರಗು ಸಿಕ್ಕಿಸಿ ಕಟ್ಟೆಯಿಂದ ಇಳಿದಳು. ಕುತ್ತಿಗೆ ತಟ್ಟಿ, "ನಡಿ ನನ್ನವ್ವ" ಎಂದಳು.

ಕುದುರೆ ಚಿಮ್ಮಿತು. ಅಪ್ಪ ಬೀಳುವುದೊಂದು ಬಾಕಿ! ಗೆರೆ ದಾಟುವವರೆಗೂ ನಾನು ಕಿರುಚುತ್ತ ಹಿಂದೆ ಓಡಿದೆ.

ಮೈತುಂಬ ಗುಲಾಲು ಹಚ್ಚಿಕೊಂಡು ಬಂದ ಅಪ್ಪ, ಸುಮ್ಮನಿದ್ದರೆ ನಿನ್ನ ಮಾತೇ ನಡೆಯುತ್ತಿತ್ತಲ್ಲ ಎಂದು ಅವ್ವನನ್ನು ಕೇಳಿದ. ಅವ್ವ ಕುದುರೆಯ ಬೆವರು ಒರೆಸುತ್ತಿದ್ದಳು.

"ಮನ್ಯಾಗ ನನ್ನ ಮಾತು ಕೇಳೂ ಜೀವ ಇದೊಂದ ಐತ್ರಿ" ಎಂದಳು. "ಇದನ್ನ ಮಂದಿಗೆ ಹೆಂಗ ಕೊಡ್ಲಿ?"